ಹರಿನಾಥ ಭಾವ ಸಭೆಗೆ ಬರೆದ ಉತ್ತರ

ನಮ್ಮ ಹರಿನಾಥ ಭಾವನ ಮಾತು ಕೇಳಬೇಕಾದರೆ ಟಿವಿ ಹಾಕಬೇಕಾಗಿತ್ತು. ಮನೆಯಲ್ಲಿ ಅವರು ಮಾತಾಡಿದ್ದೇ ಕಡಿಮೆ. ತಿರುವನಂತಪುರದಲ್ಲಿ ನಿಯಮಸಭೆ, ಅಂದರೆ ಕೇರಳದ ವಿಧಾನಸಭೆ, ನಡೆಯುವ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಚಹಾ ಲೋಟ ಹಿಡಿದು ಟಿವಿ ಎದುರು ಕೂರುತ್ತಿದ್ದರು. ಆರೋಗ್ಯ ಮಂತ್ರಿಗಳು ಎದ್ದು ಕಾಸರಗೋಡಿನ ಆಸ್ಪತ್ರೆಗಳ ಬಗ್ಗೆ ಓದತೊಡಗಿದರೆ ಭಾವನ ತುಟಿಯೂ ಜೊತೆಗೇ ಅಲ್ಲಾಡುತ್ತಿತ್ತು.

"ಅದು ನನ್ನ ವಾಕ್ಯ ಮಾರಾಯ," ಎಂದು ನನ್ನ ಕಡೆ ತಿರುಗುವರು. "ಒಂದಕ್ಷರ ತಪ್ಪಿಸಲಿಲ್ಲ ನೋಡು."

ಅಡಿಗೆಮನೆಯಿಂದ ದಮಯಂತಿ ಅಕ್ಕ ಇಣುಕಿ ನೋಡುವಳು. "ಅಡಿಗೆ ಇವರದ್ದು, ಬಡಿಸುವುದು ಮಂತ್ರಿ. ತಿನ್ನುವವರಿಗೆ ಹೊಟ್ಟೆ ತುಂಬಿತಾ ಅಂತ ಕೇಳುವವರು ಯಾರೂ ಇಲ್ಲ."

ಭಾವ ನಗುತ್ತಿದ್ದರು. ಅಕ್ಕ ಹೇಳಿದ್ದಕ್ಕೆಲ್ಲ ಅವರು ನಗುತ್ತಿದ್ದರು. ಅವಳು ಬೆಳ್ಳೂರಿನ ಅಂಗನವಾಡಿಯಲ್ಲಿ ಟೀಚರ್. ಮಕ್ಕಳನ್ನು ಗದರಿಸುವ ದನಿಯಲ್ಲೇ ಗಂಡನನ್ನೂ ಗದರಿಸಿ, ಆಮೇಲೆ ಅವರ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕುವವಳು. ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ ಎಂದರೆ ತಪ್ಪಲ್ಲ.

ಭಾವ ಮೊದಲು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದರು. ಬೋವಿಕಾನದ ಹೋಟೆಲಿನವರು ಅವರ ಸ್ಕೂಟರಿನ ಸದ್ದು ಕೇಳಿದರೆ ಹಳೆ ಎಣ್ಣೆ ಬಾವಿಕಟ್ಟೆಯ ಹಿಂದೆ ಚೆಲ್ಲುತ್ತಿದ್ದ ಕಾಲ ಅದು. ನನ್ನ ಫೋಟೋ ಸ್ಟುಡಿಯೋ ಬೋವಿಕಾನದಲ್ಲೇ ಇರುವುದರಿಂದ ಇದೆಲ್ಲ ಕಣ್ಣಾರೆ ಕಂಡದ್ದು. "ಸುಧೀರಣ್ಣ, ನಿಮ್ಮ ಭಾವ ಇವತ್ತು ಯಾವ ಕಡೆ?" ಎಂದು ನನ್ನನ್ನು ವಿಚಾರಿಸಿಕೊಂಡೇ ಕೆಲವರು ದೋಸೆ ಹುಯ್ಯುತ್ತಿದ್ದರು. ಆಮೇಲೆ, ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಕೈ ನಡೆಯುತ್ತದೆಂದು ಅವರನ್ನು ಕಾಸರಗೋಡಿನ ಕಚೇರಿಗೆ ಹಾಕಿದರು. ಅಲ್ಲಿ ಅವರ ಮೇಜಿಗೆ ಎರಡು ಕೆಲಸ. ಜನ ಕೊಟ್ಟ ದೂರುಗಳನ್ನು ತೆಗೆದುಕೊಂಡು ಉತ್ತರ ಬರೆಯುವುದು ಒಂದು. ಶಾಸಕರು ಸಭೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಜಿಲ್ಲೆಯ ಉತ್ತರ ತಯಾರು ಮಾಡಿ ಮೇಲಕ್ಕೆ ಕಳಿಸುವುದು ಇನ್ನೊಂದು.

ಈ ಎರಡನೆಯದರಲ್ಲಿ ಭಾವ ಪಳಗಿಬಿಟ್ಟರು. "ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದ್ದಕ್ಕೆ ಬಾಯಿ ಬಿಡಬಾರದು," ಎಂದು ಹೊಸಬರಿಗೆ ಪಾಠ ಮಾಡುತ್ತಿದ್ದರು. ಸುಳ್ಳು ಬರೆದವರಲ್ಲ, ಅದು ಅವರ ಜಾಯಮಾನವೇ ಅಲ್ಲ. ಆದರೆ ನಿಜವನ್ನು ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಚಿಕಿತ್ಸೆ ಸಿಗದೆ ಜಿಲ್ಲೆಯಲ್ಲಿ ಎಷ್ಟು ಜನ ಸತ್ತರು ಎಂದು ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೇಳುವರು. ಭಾವ ಬರೆಯುವ ಉತ್ತರ ಒಂದೇ: ಅಂಥ ಮರಣ ಜಿಲ್ಲೆಯಲ್ಲಿ ದಾಖಲಾಗಿಲ್ಲ.

ಒಮ್ಮೆ ನಾನೇ ಕೆಣಕಿದೆ. "ದಾಖಲಾಗುವುದು ಹೇಗೆ ಭಾವ? ದೊಡ್ಡ ಕಾಯಿಲೆಯವರನ್ನೆಲ್ಲ ನಾವು ಮಂಗಳೂರಿಗೆ ಓಡಿಸುವುದಲ್ವಾ? ದಾರಿಯಲ್ಲಿ ಸತ್ತರೂ ಅಲ್ಲಿನ ಆಸ್ಪತ್ರೆಯಲ್ಲೇ ಇಳಿಸುವುದು, ಅಲ್ಲೇ ಬರೆಸುವುದು."

"ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಬರೆಸಬೇಕು. ಕಾನೂನು ಹಾಗೆ ಉಂಟು," ಎಂದರು ಭಾವ. "ತಲಪಾಡಿ ಗಡಿ ದಾಟಿದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ."

ಅಕ್ಕ ಅವತ್ತು ತಮಾಷೆ ಮಾಡಲಿಲ್ಲ. ತೊಳೆಯುತ್ತಿದ್ದ ಪಾತ್ರೆಯನ್ನೇ ನೋಡುತ್ತಾ ಇದ್ದಳು.

ಕಳೆದ ವರ್ಷ, ಶಾಲೆಗಳು ಶುರುವಾದ ವಾರ, ಅಂಗನವಾಡಿಯಲ್ಲಿ ಮಕ್ಕಳಿಗೆ ಗಂಜಿ ಬಡಿಸುತ್ತಿದ್ದ ಅಕ್ಕ ತಲೆ ಹಿಡಿದುಕೊಂಡು ಕೂತಳು. ಎರಡು ಸಲ ವಾಂತಿ ಮಾಡಿದಳು. ಆಯಾ ಈಶ್ವರಿ ನನಗೆ ಫೋನ್ ಮಾಡಿದಾಗ, ಇದು ಸಣ್ಣ ಸಂಗತಿಯಲ್ಲ ಎಂದು ಅವಳ ದನಿಯೇ ಹೇಳಿತು. ಬೆಳ್ಳೂರಿನಿಂದ ಕಾಸರಗೋಡಿನ ಸರಕಾರಿ ಆಸ್ಪತ್ರೆಗೆ ತಂದೆವು. ಭಾವ ಕಚೇರಿಯಿಂದ ಓಡಿ ಬಂದರು. ಅಲ್ಲಿನ ಡಾಕ್ಟರ್ ಭಾವನ ಗುರುತಿನವರೇ. ಸ್ಕ್ಯಾನ್ ನೋಡಿ ಭಾವನ ಭುಜದ ಮೇಲೆ ಕೈಯಿಟ್ಟರು.

"ತಲೆಯಲ್ಲಿ ರಕ್ತ ಒಸರುತ್ತಾ ಉಂಟು ಹರಿನಾಥಣ್ಣ. ಆಪರೇಷನ್ ಮಾಡುವವರು ಇಲ್ಲಿ ಇಲ್ಲ, ನಿಮಗೇ ಗೊತ್ತುಂಟಲ್ಲ. ಮಂಗಳೂರಿಗೆ ಹೊರಡಿ, ತಡ ಮಾಡಬೇಡಿ."

ಆ ಹುದ್ದೆ ಖಾಲಿ ಇರುವುದು ಭಾವನಿಗೆ ಗೊತ್ತಿತ್ತು. "ಭರ್ತಿ ಮಾಡುವ ಕ್ರಮ ಜಾರಿಯಲ್ಲಿದೆ" ಎಂದು ಸಭೆಗೆ ಬರೆದು ಕಳಿಸಿದ್ದು ಅವರೇ.

ಆಂಬುಲೆನ್ಸಿನಲ್ಲಿ ಅಕ್ಕನ ಒಂದು ಕಡೆ ನಾನು, ಇನ್ನೊಂದು ಕಡೆ ಭಾವ. ಚಾಲಕ ವಿಜೇತ್ ಪಾಪದ ಹುಡುಗ. ಹೆದ್ದಾರಿ ಕೆಲಸ ನಡೆಯುವಲ್ಲೆಲ್ಲ ತಲೆ ಹೊರಗೆ ಹಾಕಿ ಜನರನ್ನು ಬೇಡಿಕೊಳ್ಳುತ್ತಾ ಓಡಿಸಿದ. ಹೊಸಂಗಡಿಯಲ್ಲಿ ಬಸ್ಸು ಅಡ್ಡ ನಿಂತಾಗ ಅಕ್ಕನ ಕೈ ನನ್ನ ಬೆರಳನ್ನು ಬಿಗಿಯಾಗಿ ಹಿಡಿದೇ ಇತ್ತು. ತಲಪಾಡಿ ದಾಟಿದ ಮೇಲೆ ಆ ಹಿಡಿತ ಸಡಿಲವಾಯಿತು. ಭಾವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಅವಳ ಸೆರಗು ಸರಿ ಮಾಡುತ್ತಾ, "ಬಂತು ದಮ್ಮು, ಮಂಗಳೂರಿನ ಸೇತುವೆ ಬಂತು, ಇನ್ನೆಂತ ಇಲ್ಲ," ಎನ್ನುತ್ತಲೇ ಇದ್ದರು. ಮಂಗಳೂರಿನಲ್ಲಿ ಇಳಿಸಿದಾಗ, ತರುವಾಗಲೇ ಮುಗಿದಿತ್ತು ಎಂದರು ಅಲ್ಲಿನ ಡಾಕ್ಟರ್. ಅಕ್ಕನ ಮರಣ ಅಲ್ಲಿಯೇ ದಾಖಲಾಯಿತು. ವಿಜೇತ್ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಗೋಳೋ ಎಂದು ಅತ್ತ.

ಬೊಜ್ಜದ ದಿನ, ಉತ್ತರಕ್ರಿಯೆ ಮುಗಿದು ನೆಂಟರು ಉಂಡು ಹೋದ ಮೇಲೆ ಅಶ್ಮಿತಾ ಅಪ್ಪನ ಎದುರು ಬಂದು ನಿಂತಳು. ಅವಳು ಅಕ್ಕನ ಒಬ್ಬಳೇ ಮಗಳು, ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಸಿಟ್ಟು ಬಂದರೆ ಥೇಟ್ ಅಕ್ಕನ ಮುಖವೇ.

"ಪಪ್ಪ, ನಾನು ದೂರು ಕೊಡುತ್ತೇನೆ. ಡಾಕ್ಟರನ್ನು ಯಾಕೆ ಹಾಕಲಿಲ್ಲ ಅಂತ ಕೇಳುತ್ತೇನೆ."

"ಯಾರ ಮೇಲೆ ಕೊಡುವುದು ಮಗಾ?" ಎಂದರು ಭಾವ. "ಆ ಡಾಕ್ಟರ್ ಎಂತ ಮಾಡಿದರು? ವಿಜೇತ್ ಎಂತ ಮಾಡಿದ? ಅವರನ್ನೇ ಕರೆದು ವಿವರಣೆ ಕೇಳುವುದು, ಮತ್ತೆಂತ ಇಲ್ಲ."

"ಹಾಗಾದರೆ ಅಮ್ಮ ಸತ್ತದ್ದು ಯಾರಿಗೂ ಗೊತ್ತೇ ಆಗುವುದು ಬೇಡವಾ?"

ಭಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ, "ಸಭೆ ಸೇರುವುದುಂಟು. ಪ್ರಶ್ನೆ ಬಂದೇ ಬರುತ್ತದೆ. ಈ ಸಲ ನಾನು ಬರೆಯುತ್ತೇನೆ," ಎಂದರು. "ಮಂತ್ರಿ ಎದ್ದು ನಿಂತು ಹೇಳಬೇಕು, ಅಷ್ಟು ಜನ ಕೇಳಬೇಕು. ಅದಕ್ಕಿಂತ ದೊಡ್ಡ ದೂರು ಎಂತ ಉಂಟು? ನೀನು ಕೊಡುವುದು ಬೇಡ."

ಅಶ್ಮಿತಾ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಸಭೆಯ ವಿಚಾರ ಭಾವನಿಗಿಂತ ಹೆಚ್ಚು ಬಲ್ಲವರು ನಮ್ಮಲ್ಲಿ ಯಾರಿದ್ದರು?

ಪ್ರಶ್ನೆ ಬಂತು. ಅದೂ ನಕ್ಷತ್ರ ಹಾಕಿದ ಪ್ರಶ್ನೆ. ಅಂದರೆ ಮಂತ್ರಿ ಎದ್ದು ಬಾಯಲ್ಲೇ ಉತ್ತರ ಹೇಳಬೇಕು, ಅದರ ಮೇಲೆ ಶಾಸಕರು ಮತ್ತೆ ಉಪಪ್ರಶ್ನೆ ಕೇಳಬಹುದು. ಕಾಸರಗೋಡಿನಲ್ಲಿ ತಜ್ಞ ವೈದ್ಯರಿಲ್ಲದೆ ಆದ ಮರಣ ಎಷ್ಟು ಎಂದೇ ಕೇಳಿದ್ದರು. ರಜೆಯಲ್ಲಿದ್ದ ಭಾವ ಅಂಗಿ ಇಸ್ತ್ರಿ ಮಾಡಿಸಿಕೊಂಡು ಕಚೇರಿಗೆ ಹೋದರು. ಒಂದು ಮರಣವಾಗಿದೆ ಎಂದು ಬರೆದು, ಅಕ್ಕನ ಹೆಸರು, ಊರು, ರೋಗ ಸೇರಿಸಿ ಕೊಟ್ಟರು.

ಅವರ ಮೇಲಧಿಕಾರಿ ಪ್ರವೀತ್ ಎಂಬವರು ಕಣ್ಣೂರಿನ ಕಡೆಯವರು, ವಯಸ್ಸಿನಲ್ಲಿ ಭಾವನಿಗಿಂತ ತೀರ ಸಣ್ಣವರು. ಕೆಟ್ಟವರಲ್ಲ. ಬಾಗಿಲು ಮುಚ್ಚಿ, ಭಾವನನ್ನು ಕೂರಿಸಿ, ಮಲಯಾಳಂ ರೀತಿಯಲ್ಲಿ ಅಣ್ಣನೆಂದೇ ಕರೆದು, "ಹರಿಯೇಟ್ಟ, ಇದು ಹೋಗುವುದಿಲ್ಲ. ಮರಣ ದಾಖಲಾದದ್ದು ಮಂಗಳೂರಿನಲ್ಲಿ. ನೀವೇ ನನಗೆ ಕಲಿಸಿದ ಕ್ರಮ ಇದು," ಎಂದರಂತೆ. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತಂತೆ. ಅಕ್ಕನ ಹೆಸರಿನ ಸಾಲು ಹೋಯಿತು, ಹಳೆಯ ವಾಕ್ಯ ಬಂದು ಕೂತಿತು. ಕಣ್ಣೀರು ಹಾಕಿಕೊಂಡು ಹೊಡೆದು ಹಾಕಿದರೂ ಸಾಲು ಹೋಗುವುದು ಹೋಗಿಯೇ ಹೋಗುತ್ತದೆ. ನನಗೆ ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಮೇಲಿನಿಂದ ಫೋನ್ ಬಂತು. ಉಪಪ್ರಶ್ನೆ ಬಂದರೆ ಕಾಸರಗೋಡಿನ ವಿವರ ಬಲ್ಲವರೊಬ್ಬರು ಬೇಕು, ಹರಿನಾಥರನ್ನು ಕಳಿಸಿ ಎಂದು. ಮಂತ್ರಿಗಳಿಗೆ ಗೊತ್ತಿಲ್ಲದ್ದನ್ನು ಚೀಟಿಯಲ್ಲಿ ಬರೆದು ಕೊಡಲು ಅಧಿಕಾರಿಗಳು ಸಭೆಯ ಬದಿಯಲ್ಲಿ ಕೂರುವ ಜಾಗವೊಂದಿದೆಯಂತೆ. ಭಾವ ರೈಲು ಹತ್ತುವಾಗ ಅಶ್ಮಿತಾಳ ತಲೆ ಸವರಿದರು. "ಚೀಟಿ ನನ್ನ ಕೈಯಲ್ಲೇ ಉಂಟಲ್ಲ ಮಗಾ. ನೀನು ಟಿವಿ ನೋಡು," ಎಂದರು. ಅಕ್ಕ ಹೋದ ಮೇಲೆ ಅವರ ಮುಖದಲ್ಲಿ ಸ್ವಲ್ಪ ಗೆಲುವು ಕಂಡದ್ದು ಅವತ್ತೇ.

ಮರುದಿನ ನಾನು ಸ್ಟುಡಿಯೋ ತೆರೆಯಲಿಲ್ಲ. ಬೆಳ್ಳೂರಿನ ಮನೆಯಲ್ಲಿ ಟಿವಿ ಎದುರು ನಾನು, ಅಶ್ಮಿತಾ, ಈಶ್ವರಿ ಕೂತೆವು. ಮಂತ್ರಿಗಳು ಹಳೆಯ ವಾಕ್ಯ ಓದಿ ಮುಗಿಸಿದರು. ಅಶ್ಮಿತಾ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಪ್ರಶ್ನೆ ಕೇಳಿದ್ದ ಶಾಸಕರು ಮತ್ತೆ ಎದ್ದರು.

"ಜಿಲ್ಲೆಯಲ್ಲಿ ದಾಖಲಾಗಿಲ್ಲ ಎನ್ನುತ್ತೀರಿ. ಚಿಕಿತ್ಸೆಗೆಂದು ಜಿಲ್ಲೆ ಬಿಟ್ಟು ಹೊರಟು ದಾರಿಯಲ್ಲಿ ಸತ್ತವರು? ಅಂಥವರು ಒಬ್ಬರೂ ಇಲ್ಲವೇ?"

ಮಂತ್ರಿಗಳು ಬದಿಗೆ ನೋಡಿದರು. ಕ್ಯಾಮೆರಾ ಅತ್ತ ತಿರುಗಲಿಲ್ಲ, ನಮಗೆ ಭಾವ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರು ಚೀಟಿ ತಂದು ಕೊಟ್ಟರು. ಮಂತ್ರಿಗಳು ಅದನ್ನು ನೋಡಿ, ದನಿ ತಗ್ಗಿಸಿ ಹೇಳಿದರು.

"ಬೆಳ್ಳೂರು ಪಂಚಾಯತಿನ ಒಬ್ಬ ಮಹಿಳೆ ಮೆದುಳಿನ ರಕ್ತಸ್ರಾವದಿಂದ ದಾರಿಯಲ್ಲಿ ಮೃತಪಟ್ಟಿದ್ದಾರೆ. ದುಃಖದ ವಿಚಾರ. ಆದರೆ ಈ ಬಗ್ಗೆ ಕುಟುಂಬದವರಿಂದ ಯಾವ ದೂರೂ ಬಂದಿಲ್ಲ."

ಶಾಸಕರು ಇನ್ನೂ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದವರು, ಮನೆಯವರಿಗೇ ದೂರಿಲ್ಲವೆಂದ ಮೇಲೆ ಮಾತು ಮುಂದುವರಿಸಲಾಗದೆ ಕೂತುಬಿಟ್ಟರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಅದು ಯಾವುದೋ ಸೇತುವೆಯದ್ದು. ಈಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಅಶ್ಮಿತಾ ನನ್ನ ತೋಳು ಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಭಾವ ಮರುದಿನ ಮಧ್ಯಾಹ್ನ ಬಂದರು. ಚೀಲ ಕೆಳಗಿಡುವ ಮೊದಲೇ, "ನೋಡಿದಿರಾ? ಹೆಸರು ಓದಲಿಲ್ಲ, ಆದರೂ ಹೇಳಿದರಲ್ಲ. ಸಭೆಯಲ್ಲಿ ಬಂತಲ್ಲ!" ಎಂದರು. ಅವರಿಗಿನ್ನೂ ತಿಳಿದಿರಲಿಲ್ಲ. ದೇವರೇ, ಅವರಿಗಿನ್ನೂ ತಿಳಿದೇ ಇರಲಿಲ್ಲ.

"ದೂರಿಲ್ಲ ಅಂತ ಯಾರು ಬರೆದದ್ದು ಪಪ್ಪ?" ಎಂದಳು ಅಶ್ಮಿತಾ.

"ಅದಾ? ಬದಿಯಲ್ಲಿದ್ದ ಅಧಿಕಾರಿ ಕೇಳಿದರು, ಮನೆಯವರು ದೂರು ಕೊಟ್ಟಿದ್ದಾರಾ ಅಂತ. ಇಲ್ಲ ಅಂದೆ. ಅವರು ಅದನ್ನೂ ಚೀಟಿಯಲ್ಲಿ ಸೇರಿಸಿದರು." ಭಾವ ಅವಳ ಮುಖ ನೋಡಿ ತಡವರಿಸಿದರು. "ಕೇಳಿದರು. ಕೇಳಿದ್ದಕ್ಕೆ ಹೇಳಿದೆ."

"ಆ ಮನೆಯವರು ನೀವೇ ಅಂತ ಹೇಳಲಿಲ್ಲವಾ?"

"ಅದನ್ನು ಕೇಳಲಿಲ್ಲ ಮಗಾ."

ಅಷ್ಟು ಹೇಳಿ ಭಾವ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ನಿಂತುಬಿಟ್ಟರು. ಜಗಲಿಯ ಗೋಡೆಗೆ ಒರಗಿ ನಿಧಾನ ಕೆಳಗೆ ಕೂತರು. ನಾನು ನೀರು ತಂದೆ, ಕುಡಿಯಲಿಲ್ಲ.

"ನಾನು ಕೊಡುತ್ತೇನೆ ಅಂದಾಗ ಬೇಡ ಅಂದದ್ದು ನೀವು," ಎಂದಳು ಅಶ್ಮಿತಾ. ದನಿ ಏರಿಸಲಿಲ್ಲ.

"ಹೌದು ಮಗಾ." ಭಾವ ಅವಳ ಕೈ ಹಿಡಿದುಕೊಂಡರು. "ಈಗ ಬರಿ. ಇವತ್ತೇ ಬರಿ. ನಾನೇ ತೆಗೆದುಕೊಂಡು ಹೋಗುತ್ತೇನೆ."

"ಇನ್ನು ಬರೆದರೆ ಯಾರು ಓದುತ್ತಾರೆ ಪಪ್ಪ?"

ಜಿಲ್ಲೆಯ ದೂರುಗಳೆಲ್ಲ ಯಾರ ಮೇಜಿಗೆ ಬರುತ್ತವೆ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಭಾವ ತಲೆಯೆತ್ತಿ ಮಗಳನ್ನು ನೋಡಿದರು.

"ನಾನು ಓದುತ್ತೇನೆ," ಎಂದರು. "ಓದಿ, ನಿನಗೆ ಉತ್ತರ ಬರೆಯಬೇಕಾದವನೂ ನಾನೇ." ಆಮೇಲೆ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು, ಅಕ್ಕ ಸತ್ತ ದಿನವೂ ಅಳದಿದ್ದ ಹರಿನಾಥ ಭಾವ, ದೊಡ್ಡ ದನಿಯಲ್ಲಿ ಅತ್ತರು.