ಬಬಲೇಶ್ವರದ ಏಳು ಕಂಪ್ಯೂಟರುಗಳಲ್ಲಿ ನಾನು ಬರೆದಿಟ್ಟ ಸಾಲು

ಆಕೆಯ ಮೇಲೆ ನನಗಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ವಿಜಯಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ನೋಡಿಕೊಂಡವನು ನಾನು. ತಿಕೋಟಾ, ಬಬಲೇಶ್ವರದ ಶಾಖೆಗಳಿಗೆ ಬಿಸಿಲಲ್ಲಿ ಗಾಡಿ ಹೊಡೆದುಕೊಂಡು ಹೋಗಿ ವೈರು ಎಳೆದವನೂ ನಾನೇ. ಜೋರಾಪುರ ಪೇಟೆಯಿಂದ ಕೆಲಸಕ್ಕೆ ಬಂದ ಈ ಹೊಸ ಹೆಣ್ಣುಮಗಳು ಕುರ್ಚಿ ಬಿಟ್ಟೇಳದೆ ಕಪ್ಪು ಪರದೆ ತೆರೆದು, ಎನ್‌ಎಸ್‌ಲುಕಪ್ ಎಂದು ಟೈಪಿಸಿ, ಯಾವ ಕಂಪ್ಯೂಟರಿನ ಹೆಸರು ನೆಟ್‌ವರ್ಕಿನಲ್ಲಿ ಯಾವ ನಂಬರಿಗೆ ಹೋಗುತ್ತಿದೆ ಎಂದು ಹೇಳಿಬಿಡುತ್ತಿದ್ದಳು. ಲ್ಯಾಬಿನ ಒಡೆಯರಾದ ಡಾಕ್ಟರ್ ಸಾಹೇಬರು ಬೆರಗಾಗಿ ನೋಡುತ್ತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದು ನಾನು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದೆ.

ಹೋದ ವರ್ಷ ಆಕೆ ರಿಪೋರ್ಟುಗಳ ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸಿದಳು. ಮರುದಿನ ಬೆಳಿಗ್ಗೆ ತಿಕೋಟಾದಲ್ಲಿ ಎಲ್ಲ ಸರಿ, ಬಬಲೇಶ್ವರದಲ್ಲಿ ಒಂದು ರಿಪೋರ್ಟೂ ತೆರೆಯಲಿಲ್ಲ. ಕಾಖಂಡಕಿಯಿಂದ ಮೊದಲ ಬಸ್ಸಿಗೆ ಬಂದವರು ಕಾಯುತ್ತ ಕೂತಿದ್ದಾರೆ ಎಂದು ಅಲ್ಲಿಂದ ಫೋನು ಬಂತು.

ಆಕೆ ಇಲ್ಲಿಂದಲೇ ಅಲ್ಲಿಯ ಕಂಪ್ಯೂಟರಿನೊಳಗೆ ಹೊಕ್ಕು ಲುಕಪ್ ಮಾಡಿದಳು. ಹೊಸ ಸರ್ವರಿನ ನಂಬರೇ ಬಂತು, ಉತ್ತರ ಸರಿಯಾಗಿತ್ತು. ರಿಪೋರ್ಟು ಮಾತ್ರ ತೆರೆಯಲೊಲ್ಲದು. ನೆಟ್ಟಗಿದ್ದದ್ದನ್ನು ಕೆಡಿಸಿಟ್ಟೆ ಎಂದು ಸಾಹೇಬರು ಎಲ್ಲರೆದುರು ಆಕೆಯನ್ನು ಬೈದರು. ಅಯ್ಯೋ ಅನಿಸಬೇಕಿತ್ತು, ನನಗೆ ಹಬ್ಬವಾಯಿತು.

ಮರುಗಳಿಗೆ ನೆನಪಾಯಿತು. ಹಿಂದೊಮ್ಮೆ ಬಬಲೇಶ್ವರದಲ್ಲಿ ಸರ್ವರಿನ ಹೆಸರು ಪದೇ ಪದೇ ಸಿಗದಾದಾಗ, ಅಲ್ಲಿಯ ಏಳೂ ಕಂಪ್ಯೂಟರುಗಳ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರನ್ನೂ ಹಳೆಯ ನಂಬರನ್ನೂ ನಾನೇ ಕೈಯಾರೆ ಬರೆದಿದ್ದೆ. ಕಂಪ್ಯೂಟರು ಮೊದಲು ಆ ಫೈಲು ನೋಡುತ್ತದೆ, ಅಲ್ಲಿ ಸಿಕ್ಕರೆ ಬೇರೆ ಯಾರನ್ನೂ ಕೇಳುವುದಿಲ್ಲ. ಎನ್‌ಎಸ್‌ಲುಕಪ್ಪಿಗೆ ಆ ಫೈಲಿನ ಗೊಡವೆಯೇ ಇಲ್ಲ. ತಪ್ಪು ನನ್ನದು, ಬೈಗುಳ ಆಕೆಗೆ.

ಹೋಗಿ ನೋಡಿ ಬರುತ್ತೇನೆ ಎಂದು ಗಾಡಿ ಹತ್ತಿದೆ. ಸದ್ದಿಲ್ಲದೆ ಅಳಿಸಿಬಿಡಬೇಕೆಂದಿದ್ದೆ. ಬಬಲೇಶ್ವರ ಮುಟ್ಟಿದಾಗ ರಿಪೋರ್ಟುಗಳು ಬರುತ್ತಿದ್ದವು. ಏಳೂ ಕಂಪ್ಯೂಟರುಗಳಲ್ಲಿ ನನ್ನ ಸಾಲು ಇರಲಿಲ್ಲ.

ತಿರುಗಿ ಬಂದರೆ ಸಾಹೇಬರು ಬೆನ್ನು ತಟ್ಟಿದರು. "ದಾರ್ಯಾಗ ಗಾಡಿ ನಿಂದ್ರಿಸಿ ಫೋನಿನ್ಯಾಗ ಈಕಿಗೆ ಹೇಳಿಕೊಟ್ರಂತಲ್ಲ. ಹಳೇ ಮಂದಿ ಹಳೇ ಮಂದೀನ ನೋಡ್ರಿ."

ನಾನು ಆಕೆಗೆ ಫೋನೇ ಮಾಡಿರಲಿಲ್ಲ. ಅವರು ಒಳಗೆ ಹೋದ ಮೇಲೆ, ಹಾಗೆ ಯಾಕೆ ಹೇಳಿದೆ ಎಂದು ಆಕೆಯನ್ನು ಕೇಳಿದೆ.

"ಅಣ್ಣಾರ, ಇಲ್ಲಿಂದನ ಆ ಸಾಲು ಅಳಸಿದೆ, ಅದು ನೀವ ಬರದದ್ದು ಅಂತ ನನಗ ಗೊತ್ತಾತ್ರಿ," ಎಂದಳು. "ಬೈಸ್ಕೊಳ್ಳೂದು ಹ್ಯಾಂಗಿರತೈತಿ ಅಂತ ಈಗಷ್ಟ ನೋಡಿದ್ದೆ. ನಿಮಗೂ ಅದು ಯಾಕ ಅಂತ ಹಂಗ ಹೇಳಿದೆ."

ಇಷ್ಟಾದರೂ ನಾನು ಕರಗಲಿಲ್ಲ, ಹೊಟ್ಟೆ ಇನ್ನಷ್ಟು ಉರಿಯಿತು. ಆ ಗುಣವೂ ಆಕೆಗೇ ಇರಬೇಕೇ? ನಿಜ ಹೇಳಿಬಿಡೋಣವೆಂದು ಸಾಹೇಬರ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಅವರು ಯಾರಿಗೋ ಫೋನಿನಲ್ಲಿ ನನ್ನನ್ನು ಹೊಗಳುತ್ತಿದ್ದರು, ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅದು ಮುಗಿಯುವ ತನಕ ನಿಂತು ಕೇಳಿದೆ. ಆಮೇಲೆ ನನ್ನ ಕುರ್ಚಿಗೆ ಬಂದು ಕೂತೆ.