ಬಾಡಿಗೆಯ ಕಾಲು

ವಾಷಿಂಗ್ಟನ್ನಿನಲ್ಲಿ ವರ್ಲೀನ್ ಸೈಜ್‌ಮೋರ್ ಮಾಡುತ್ತಿದ್ದ ಕೆಲಸ ಬೇರೆಯವರ ಪರವಾಗಿ ಸಾಲಿನಲ್ಲಿ ನಿಲ್ಲುವುದು. ಸಂಸತ್ತಿನ ಸಮಿತಿಯ ವಿಚಾರಣೆಗೆ ಯಾರು ಬೇಕಾದರೂ ಬರಬಹುದು, ಮೊದಲು ಬಂದವರಿಗೆ ಕುರ್ಚಿ. ಆದರೆ ಕಂಪನಿಗಳ ಪರ ಲಾಬಿ ಮಾಡುವ ಸಾಹೇಬರು ಚಳಿಯಲ್ಲಿ ಸಾಲು ನಿಲ್ಲುವ ಪೈಕಿಯಲ್ಲ. ವರ್ಲೀನಳಂಥವರು ನಸುಕಿನಲ್ಲೇ ಬಂದು ಮಡಚುವ ಸ್ಟೂಲು ಹಾಕಿ ಜಾಗ ಹಿಡಿದರೆ, ಬಾಗಿಲು ತೆರೆಯುವ ಹೊತ್ತಿಗೆ ಸಾಹೇಬರು ಬಂದು ಅವಳನ್ನು ಎಬ್ಬಿಸಿ ನಿಲ್ಲುತ್ತಿದ್ದರು. ಹಿಂದಿನವರು ತಕರಾರು ಎತ್ತುವಂತಿಲ್ಲ, ಅದು ಅಲ್ಲಿನ ಪದ್ಧತಿ.

"ದೊಡ್ಡೋರ ಕಾಲು ನೋಯಬಾರ್ದು ಅಂತಾನೇ ದೇವ್ರು ನಂಗೆ ಎರಡು ಕಾಲು ಕೊಟ್ಟಿರೋದು" ಎಂದು ಅವಳು ನಗುತ್ತಿದ್ದಳು.

ವರ್ಷಗಟ್ಟಲೆ ಆ ಬಾಗಿಲಲ್ಲಿ ನಿಂತವಳಿಗೆ ಒಳಗಿನ ವ್ಯವಹಾರ ತಿಳಿದಿತ್ತು. ಇಲ್ಲಿ ಯಾರೂ ಲಂಚದ ಚೀಲ ಹೊತ್ತು ತರುವುದಿಲ್ಲ. ಚುನಾವಣೆಗೆ ಚಂದಾ, ಸದಸ್ಯರ ಸಹಾಯಕರೊಡನೆ ಒಡನಾಟ, ಕಾನೂನು ಹೀಗಿದ್ದರೆ ಚೆನ್ನ ಎಂದು ಬರೆದೇ ಕೊಡುವ ಉಪಕಾರ. ಕೊನೆಗೆ ವಿಚಾರಣೆಯ ದಿನ ಸದಸ್ಯರು ತಲೆಯೆತ್ತಿದರೆ ಎದುರಿನ ಕುರ್ಚಿಗಳಲ್ಲಿ ಅವೇ ಪರಿಚಿತ ಮುಖಗಳು.

ಆ ಬೆಳಿಗ್ಗೆ ಅವಳಿಗೆ ಹೇಳಿದ್ದು ಕೊಠಡಿಯ ನಂಬರು ಮಾತ್ರ, ವಿಚಾರಣೆ ಯಾವುದರದೆಂದಲ್ಲ. ಬಸ್ಸಿನಿಂದಿಳಿದ ಮುದುಕರ ಗುಂಪೊಂದು ಸಾಲಿನ ಬಾಲಕ್ಕೆ ಸೇರಿತು. ಅವರಲ್ಲೊಬ್ಬ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಸಿಲಿಂಡರಿನ ಗಾಡಿ ಎಳೆಯುತ್ತಿದ್ದ. ವರ್ಲೀನ್ ತನ್ನ ಹಿಂದೆ ತನ್ನಂತೆಯೇ ಕೂಲಿಗೆ ನಿಂತಿದ್ದ ಟೈರೆಲ್‌ಗೆ ಸ್ಟೂಲು ಒಪ್ಪಿಸಿ ಓಡಿದಳು.

"ಅಣ್ಣಾ! ಇಷ್ಟು ದೂರ ಬಂದ್ಯಾ?"

ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯಲ್ಲಿ ದುಡಿದ ಅವಳ ಅಣ್ಣ ಹೋಬರ್ಟ್ ಉಸಿರು ಕೂಡಿಸಿಕೊಂಡ. "ಇವತ್ತು ಗಣಿ ಧೂಳಿನ ವಿಚಾರಣೆ ಕಣೆ. ಧೂಳು ಕಮ್ಮಿ ಮಾಡೋ ನಿಯಮನ ಮುಂದೂಡ್ತಾನೇ ಇದಾರೆ. ನನ್ನ ಕಥೆ ಮುಗೀತು, ನನ್ನ ಮಗ ಇನ್ನೂ ಗಣಿಗಿಳೀತಾನಲ್ಲ. ಅವ್ರು ಒಂದ್ಸಲ ಈ ಮುಖ ನೋಡ್ಲಿ ಅಂತ ಬಂದೆ. ನೀನು ಯಾರ ಪರ ನಿಂತಿದೀಯ?"

ಗಣಿ ಕಂಪನಿಯವರಿಗಾಗಿಯೇ ತಾನು ಜಾಗ ಹಿಡಿದಿರುವುದೆಂದು ವರ್ಲೀನ್‌ಗೆ ಆಗ ಹೊಳೆಯಿತು. ಗಾಡಿಯ ಹಿಡಿಕೆಗೆ ಕೈಹಾಕಿ ಅಣ್ಣನನ್ನು ಸಾಲಿನ ತಲೆಗೆ ಕರೆತಂದು ತನ್ನ ಸ್ಟೂಲಿನ ಮೇಲೆ ಕೂರಿಸಿದಳು.

ಗಣಿ ಕಂಪನಿಗಳ ಲಾಬಿಯ ಕಾರ್ಟ್‌ರೈಟ್ ಕಾಫಿ ಹೀರುತ್ತ ಬಂದ. "ಸಾಕು ವರ್ಲೀನ್, ಹೊರಡು."

"ಹೊರಟೆ ಸಾಹೇಬ್ರೇ. ಜಾಗ ಮಾತ್ರ ಕೊಟ್ಟಾಯ್ತು."

"ಯಾರಿಗೆ?"

"ನಮ್ಮಣ್ಣಂಗೆ. ನಿಂತೋರು ಜಾಗ ಬಿಟ್ಕೊಟ್ರೆ ಯಾರೂ ಕೇಳ್ಬಾರ್ದಲ್ವಾ? ನೀವು ಮಾಡಿದ ಪದ್ಧತೀನೇ."

"ಈ ಊರಲ್ಲಿ ಇನ್ಯಾರೂ ನಿನಗೆ ಕೆಲಸ ಕೊಡಲ್ಲ, ನೆನಪಿರಲಿ."

"ಇರತ್ತೆ. ಬಾಲ ಅಲ್ಲಿದೆ ನೋಡಿ. ಬೇಗ ಹೋಗಿ, ಇನ್ನೂ ಉದ್ದ ಆಗತ್ತೆ."

ಟೈರೆಲ್ ಗಹಗಹಿಸಿ ನಕ್ಕ. ಎದ್ದು ನಿಂತು, "ಏ ತಾತ, ನೀನೂ ಬಾ ಇಲ್ಲಿ!" ಎಂದು ಇನ್ನೊಬ್ಬ ಗಣಿಗಾರನನ್ನು ಕೂಗಿದ. ಕೂಲಿಗೆ ನಿಂತ ಉಳಿದವರು ಮುಖ ತಿರುಗಿಸಿದರು, ಅವರಿಗೂ ಹೊಟ್ಟೆಪಾಡಿತ್ತು.

ವಿಚಾರಣೆಯುದ್ದಕ್ಕೂ ಮುಂದಿನ ಕುರ್ಚಿಯಿಂದ ಹೋಬರ್ಟನ ಸಿಲಿಂಡರು ಬುಸುಗುಡುತ್ತಲೇ ಇತ್ತು. ಸಮಿತಿಯ ಅಧ್ಯಕ್ಷರಿಗೆ ಮಾತಿನ ನಡುವೆ ಎತ್ತಿದ ತಲೆಯನ್ನು ಬೇಗ ತಗ್ಗಿಸಲಾಗಲಿಲ್ಲ. ಹಾಗೆಂದು ನಿಯಮವೇನೂ ಜಾರಿಯಾಗಲಿಲ್ಲ. ಮತ್ತೊಂದು ವಿಚಾರಣೆ ಎಂದರು.

ಆ ಎರಡನೆಯ ವಿಚಾರಣೆಯ ದಿನವೂ ಸಾಲಿನ ತಲೆಯಲ್ಲಿ ಮೊದಲು ಕಂಡದ್ದು ಅದೇ ಸ್ಟೂಲು.

"ನಿನ್ನ ಕೆಲಸ ಹೋಯ್ತಂತೆ, ಇವತ್ತು ಯಾರಿಗಮ್ಮ ಈ ಜಾಗ?" ಎಂದ ಕಾವಲುಗಾರ.

"ನಂಗೇ" ಎಂದಳು ವರ್ಲೀನ್. "ಈ ಕಾಲು ಈಗ ಬಾಡಿಗೆಗಿಲ್ಲ."