ಹದಿನೈದು ದಿನದ ವಾಷರ್

ಸೀಮೆಎಣ್ಣೆ ಆರಿಹೋಗಿ ಎಷ್ಟು ವರ್ಷವಾದರೂ ಹಿತ್ತಾಳೆ ಅದರ ವಾಸನೆಯನ್ನು ಬಿಟ್ಟುಕೊಡುವುದಿಲ್ಲ. ಮೊನ್ನೆ ಅಟ್ಟದಿಂದ ನಮ್ಮ ಅತ್ತೆಯ ಪಂಪ್ ಸ್ಟೌವನ್ನು ಇಳಿಸಿ ಮುಚ್ಚಳ ತಿರುಗಿಸಿದಾಗ ಆ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮೂವತ್ತೈದು ವರ್ಷದ ಹಿಂದಿನ ಅಡುಗೆಮನೆ, ಅದರ ಒಂದೇ ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ... ಎಲ್ಲ ಒಟ್ಟಿಗೆ ಬಂದು ಕೂತವು. 

ನಂಜನಗೂಡಿನಲ್ಲಿ ಈಗ ನನಗೆ ಸ್ಟೌ ಅಜ್ಜಿ ಎಂದೇ ಹೆಸರು. ಹಳೆಯ ಸ್ಟೌ, ಗ್ಯಾಸ್‌ಲೈಟು, ಲಾಟೀನುಗಳನ್ನು ಮೈಸೂರಿನಿಂದಲೂ ಹೊತ್ತು ತರುತ್ತಾರೆ. ಹುಣಸೆಹಣ್ಣು ಹಚ್ಚಿ ಬೆಳಗಿ, ಕಟ್ಟಿದ ಮಸಿ ಬಿಡಿಸಿ, ಹೊಸ ವಾಷರ್ ಹಾಕಿ ಉರಿಸಿ ತೋರಿಸುತ್ತೇನೆ. ಅವರು ಅದನ್ನು ಒಯ್ದು ಷೋಕೇಸಿನಲ್ಲಿಟ್ಟು ಬೀಗ ಹಾಕುತ್ತಾರೆ! ಊರವರದ್ದನ್ನೆಲ್ಲ ಸರಿಮಾಡಿಕೊಟ್ಟ ನಾನು ನಮ್ಮ ಮನೆಯದನ್ನು ಮಾತ್ರ ಇಷ್ಟು ವರ್ಷ ಮುಟ್ಟಿರಲಿಲ್ಲ. ಈ ಕೆಲಸವನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಸ್ಟೌ ಅಂಗಡಿಯವರ ಎದುರು ಸ್ಟೂಲಿನ ಮೇಲೆ ಕೂತು, ನೋಡಿ ನೋಡಿ ಬಂದದ್ದು.

ಸಣ್ಣ ಆಳು ಅವರು. ಮಾತು ಕಡಿಮೆ, ಜಂಬ ಜಾಸ್ತಿ. “ನನ್ ಕೈ ಬಿದ್ದ ಸ್ಟೌ ವರ್ಸ ತುಂಬೋಗಂಟ ವಾಪಸ್ ಬರಾಕಿಲ್ಲ ಕಣವ್ವ” ಎಂದು ಪ್ರತಿ ಗಿರಾಕಿಗೂ ಹೇಳುತ್ತಿದ್ದರು, ಅದು ನಿಜವೂ ಆಗಿತ್ತು. ಪಂಪಿನ ಕಡ್ಡಿಯ ತುದಿಗೆ ಪುಟ್ಟ ಬಟ್ಟಲಿನಂಥ ಚರ್ಮದ ವಾಷರ್ ಇರುತ್ತದೆ. ಗಾಳಿಯನ್ನು ಒಳಕ್ಕೆ ನೂಕುವುದು ಅದೇ. ಅದನ್ನು ಕತ್ತರಿಸಿದ ಮೇಲೆ ಅವರು ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ಎಲ್ಲೂ ಒಂದು ಕೂದಲಿನಷ್ಟೂ ತೆಳುವಾಗಬಾರದು. ಆಮೇಲೆ ಅದೇ ಸ್ಟೌವಿನ ಮೇಲೆ ಟೀ ಕಾಯಿಸಿ, ಗಿರಾಕಿಗೆ ಕುಡಿಸಿಯೇ ಕಳಿಸುತ್ತಿದ್ದರು.

ನಾನು ತಿ. ನರಸೀಪುರದ ಪಕ್ಕದ ಸೋಸಲೆಯ ಹುಡುಗಿ. ಮದುವೆಯಾದ ಎರಡನೇ ವರ್ಷ, ಮೈದುನನ ಮದುವೆಗೆ ನಮ್ಮ ತೌರಿನವರು ತಡವಾಗಿ ಬಂದರೆಂದು ಮಾವ ಏನೋ ಅಂದರು, ನನ್ನಣ್ಣ ತಿರುಗಿ ಇನ್ನೇನೋ ಅಂದ. ಅಲ್ಲಿಗೆ ಹೋಗುವುದು ಬರುವುದು ನಿಂತಿತು. ಕಾಗದ ಬಂದರೂ ಅತ್ತೆಯ ಕೈಗೆ. ತಿ. ನರಸೀಪುರದ ಬಸ್ಸು ಹತ್ತಿದರೆ ಎರಡು ಗಂಟೆಯೊಳಗೆ ಅವ್ವನ ಮುಂದೆ ಇರಬಹುದಿತ್ತು, ಆದರೆ ನನಗೆ ಹೊಸಿಲು ದಾಟುವುದಕ್ಕೇ ಕಾರಣ ಬೇಕಾಗಿತ್ತು. ನೀರು ಮನೆಯೊಳಗೇ, ತರಕಾರಿ ಬಾಗಿಲಿಗೇ, ದೇವಸ್ಥಾನಕ್ಕೆ ಅತ್ತೆಯ ಬೆನ್ನಿಗೇ. ನಮ್ಮ ಯಜಮಾನರು ಕೆಟ್ಟವರಲ್ಲ. ಅವರಪ್ಪನ ಎದುರು ಅವರಿಗೆ ಬಾಯಿರಲಿಲ್ಲ, ಅಷ್ಟೇ.

ಸ್ಟೌ ಕೆಟ್ಟಾಗ ಮಾತ್ರ ನಾನೊಬ್ಬಳೇ ಹೊರಗೆ ಹೋಗಬಹುದಿತ್ತು. ಗಂಡಸರಿಗೆ ಸ್ಟೌ ಹೊತ್ತು ಬೀದಿಯಲ್ಲಿ ನಡೆಯಲು ನಾಚಿಕೆ, ಅತ್ತೆಗೆ ಮಂಡಿನೋವು. ಹಾಗೆ ಒಂದು ಗುರುವಾರ ಹೋದಾಗ, ದೇವರ ದರ್ಶನಕ್ಕೆಂದು ಬಂದಿದ್ದ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ಇಬ್ಬರೂ ಸ್ಟೌ ಅಂಗಡಿಯೊಳಗೆ ಕೂತು ಅತ್ತುಬಿಟ್ಟೆವು. ಅಂಗಡಿಯವರು ನಮ್ಮ ಕಡೆ ಬೆನ್ನು ಮಾಡಿಕೊಂಡು ಇಲ್ಲದ ಕೆಲಸ ಮಾಡುತ್ತಿದ್ದರು. ಹದಿನೈದು ದಿನಕ್ಕೊಂದು ಗುರುವಾರ ಇಲ್ಲಿಗೇ ಬರುತ್ತೇನೆ ಎಂದು ಅವ್ವ ಹೇಳಿದಳು. ಹಾಗಾದರೆ ಹದಿನೈದು ದಿನಕ್ಕೊಮ್ಮೆ ನಮ್ಮ ಸ್ಟೌ ಕೆಡಲೇಬೇಕು.

ಕೆಡಿಸಿದೆ. ಉರಿ ಬರುವ ಸಣ್ಣ ತೂತಿಗೆ ಚಿಟಿಕೆ ರಂಗೋಲಿ ಪುಡಿ ತುಂಬಿದೆ. ಅಂಗಡಿಯವರು ಪಿನ್ನು ಹಾಕಿ ತೆಗೆದಾಗ ಬೆರಳಿಗೆ ಬಿಳಿ ಪುಡಿ ಅಂಟಿತು. ಅದನ್ನು ನೋಡಿದರು, ನನ್ನನ್ನು ನೋಡಿದರು.  “ಈಗಿನ್ ಸೀಮೆಎಣ್ಣೆ ಬರೀ ಕಲಬೆರಕೆ ಕಣವ್ವ” ಎಂದು ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಆ ಒಂದು ಗಂಟೆ ನನ್ನದು. ಅವ್ವ ಚಕ್ಕುಲಿ, ಎಳ್ಳುಂಡೆ ತರುತ್ತಿದ್ದಳು. ಮನೆಗೆ ಒಯ್ಯುವಂತಿಲ್ಲ, ಅಲ್ಲೇ ತಿಂದು ಬಾಯಿ ತೊಳೆದುಕೊಳ್ಳಬೇಕು. ಕನಕಾಂಬರ ತಂದರೂ ಮುಡಿಯುವಂತಿಲ್ಲ. ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ವಾಪಸ್ ಕೊಡುತ್ತಿದ್ದೆ. ಹೊರಡುವಾಗ ಅವಳು ಹಿಂದೆ ತಿರುಗಿ ನೋಡದೆ ಬಸ್ಸು ಹತ್ತುತ್ತಿದ್ದಳು. ನಾನು ಸ್ಟೌ ಎತ್ತಿಕೊಂಡು ಮತ್ತೆ ಆ ಒಂದು ಕಿಟಕಿಯ ಅಡುಗೆಮನೆಗೆ...

ನಾಲ್ಕಾರು ತಿಂಗಳಲ್ಲಿ ಅತ್ತೆಗೆ ಅನುಮಾನ ಬಂತು. ಅಂಗಡಿಯಲ್ಲಿ ಕೂತು ಅದನ್ನು ಅವ್ವನಿಗೆ ಹೇಳಿಕೊಂಡೆ. ಆಮೇಲೆ ಸ್ಟೌ ಹಚ್ಚುವುದು, ಆರಿಸುವುದು, ಎಣ್ಣೆ ಹಾಕುವುದು ಎಲ್ಲ ಅತ್ತೆ ತಾವೇ ಮಾಡತೊಡಗಿದರು. ಕೆಲಸ ಮುಗಿದ ಮೇಲೆ ತಮ್ಮ ಕೋಣೆಗೇ ಒಯ್ದಿಟ್ಟುಕೊಳ್ಳುತ್ತಿದ್ದರು. ಬಾಗಿಲು ಮುಚ್ಚಿತು ಎಂದುಕೊಂಡೆ. ಆದರೆ ಸರಿಯಾಗಿ ಆ ಗುರುವಾರ ಬೆಳಿಗ್ಗೆ ಅತ್ತೆ ಎಷ್ಟು ಪಂಪ್ ಹೊಡೆದರೂ ಸ್ಟೌ ಗಾಳಿ ಹಿಡಿಯಲಿಲ್ಲ! ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ. ನಂಜುಂಡೇಶ್ವರ ನನ್ನ ಪಾಲಿಗೆ ಕಣ್ಣು ಬಿಟ್ಟ ಎಂದುಕೊಂಡು ತುಪ್ಪದ ದೀಪ ಹಚ್ಚಿದೆ, ದಡ್ಡಿ.

ಅತ್ತೆ ಮಾತ್ರ ಅಂಗಡಿಯವರ ಹೆಸರು ಕೆಡಿಸುತ್ತಾ ಹೋದರು. ಅತ್ತೆಯ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಮೂರು ಬೀದಿ ಸುತ್ತುತ್ತಿತ್ತು. ಕೈಲಾಗದವನು ಎಂದು ಅವರು ಅಂದಾಗಲೆಲ್ಲ ನಾನು ತಲೆಯಾಡಿಸುತ್ತಿದ್ದೆ. ಆ ತಲೆಯಾಡಿಸಿದ್ದು ಇವತ್ತಿಗೂ ಕುತ್ತಿಗೆಯಲ್ಲಿ ನೋಯುತ್ತದೆ.

ಕೊನೆಗೊಂದು ಗುರುವಾರ, “ಇವತ್ತು ನಾನೇ ಬತ್ತೀನಿ ನಡಿ, ಅವನ್ನ ಇಚಾರ್ಸೇಬುಡ್ತೀನಿ” ಎಂದು ಅತ್ತೆ ಮಂಡಿ ಹಿಡಿದುಕೊಂಡು ಹೊರಟರು. ಅಂಗಡಿಯಲ್ಲಿ ಅವ್ವ ಬಂದು ಕೂತಿರುತ್ತಾಳೆ. ಅವಳು ಸಿಕ್ಕಿಬಿದ್ದರೆ ನನಗೆ ಆ ಒಂದು ಗಂಟೆಯೂ ಇಲ್ಲ, ಬಹುಶಃ ಆ ಮನೆಯೂ ಇಲ್ಲ. 

ಅಂಗಡಿಯವರು ದೂರದಿಂದಲೇ ನಮ್ಮನ್ನು ನೋಡಿರಬೇಕು. ನಾವು ಹೋಗುವ ಹೊತ್ತಿಗೆ ಬೆಂಚು ಖಾಲಿ. ಹಿಂದಿನ ಗೋಣಿತಾಟಿನ ಪರದೆ ಇನ್ನೂ ಅಲುಗಾಡುತ್ತಿತ್ತು. ಕನಕಾಂಬರದ ಪೊಟ್ಟಣ ಬೆಂಚಿನ ಮೇಲೇ ಉಳಿದಿತ್ತು. ಅತ್ತೆಯ ಕಣ್ಣು ಅತ್ತ ಹೊರಳುವುದರೊಳಗೆ ಅಂಗಡಿಯವರು ಅದನ್ನು ಬಿಚ್ಚಿ, ತಮ್ಮದೇ ಹೂವೆಂಬಂತೆ ಗೋಡೆಯ ದೇವರ ಪಟಕ್ಕೆ ಹಾಕಿ ಕೈಮುಗಿದರು.

“ಏನಯ್ಯಾ, ಅದಿನೈದ್ ದಿನ ತಡಿಯಾಕಿಲ್ವಲ್ಲ, ಇದೂ ಒಂದ್ ರಿಪೇರಿನಾ?” ಎಂದು ಅತ್ತೆ ಶುರುಮಾಡಿದರು. ಜನ ನಿಂತು ನೋಡಿದರು. ಈ ಸ್ಟೌವಿನೊಳಗೆ ಮೊದಲು ರಂಗೋಲಿ ಪುಡಿ ಸಿಕ್ಕಿತ್ತು, ನಿಮ್ಮ ಮನೆಯಲ್ಲೇ ಯಾರೋ ಕೆಡಿಸುತ್ತಿದ್ದಾರೆ ಎಂದು ಅವರು ಒಂದು ಮಾತು ಹೇಳಿದ್ದರೆ ನಾನು ಮುಗಿದಿದ್ದೆ, ಅವರ ಹೆಸರು ಉಳಿಯುತ್ತಿತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡು, “ತಪ್ಪು ನಂದೇ ಕಣವ್ವ. ಕೈ ಮೊದ್ಲಂಗಿಲ್ಲ” ಎಂದರು. ನಾನು ಎಂದಿನಂತೆ ತಲೆಯಾಡಿಸಿದೆ. ಪರದೆಯ ಕೆಳಗೆ ಅವ್ವನ ಎರಡು ಕಾಲುಗಳು ಕಾಣುತ್ತಿದ್ದವು, ಬೆರಳುಗಳನ್ನು ಒಳಕ್ಕೆ ಮಡಿಸಿಕೊಂಡಿದ್ದಳು.

ಅವ್ವ ಬದುಕಿದ್ದಾಗ ನಾನು ಅವಳನ್ನು ಕಡೆಯದಾಗಿ ನೋಡಿದ್ದು ಅಷ್ಟೇ, ಬರೀ ಕಾಲು. ಅತ್ತೆ ಸ್ಟೌವನ್ನು ಅಟ್ಟಕ್ಕೆ ಹಾಕಿಸಿ ಗ್ಯಾಸ್ ತರಿಸಿದರು. ಗ್ಯಾಸ್ ಕೆಟ್ಟರೆ ರಿಪೇರಿಯವನೇ ಮನೆಗೆ ಬರುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಮಣ್ಣಿಗೆ ಮಾತ್ರ ಕಳಿಸಿಕೊಟ್ಟರು.

ಸ್ಟೌ ಅಂಗಡಿ ಮುಚ್ಚಿತು. ಅವರು ತಾಂಡ್ಯದ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾರೆಂದು ಕೇಳಿದೆ. ಒಮ್ಮೆ ಬಸ್ಸಿನಿಂದ ಕಂಡರು ಕೂಡ. ದೊಗಲೆ ಖಾಕಿ ಷರ್ಟು, ಕೈಯಲ್ಲಿ ಕೋಲು. ಪಾಪ, ಕೈಯ ಹದ ಹೋಯಿತಲ್ಲ ಎಂದುಕೊಂಡೆ. ಇಳಿಯಲಿಲ್ಲ. ಈಗ ಅವರೂ ಇಲ್ಲವಂತೆ.

ಮೊನ್ನೆ ಆ ಸ್ಟೌವಿನ ಪಂಪು ಬಿಚ್ಚಿದೆ. ಅವರು ಕೊನೆಯದಾಗಿ ಹಾಕಿದ ವಾಷರ್ ಇನ್ನೂ ಅಲ್ಲೇ ಇತ್ತು, ಒಣಗಿ ಮುದುಡಿಕೊಂಡು. ಎಣ್ಣೆಯಲ್ಲಿ ನೆನೆಸಿ, ಅವರ ಹಾಗೆಯೇ ಕಣ್ಣು ಮುಚ್ಚಿ ಎರಡು ಬೆರಳ ನಡುವೆ ತಿರುಗಿಸಿದೆ. ಅರ್ಧ ಸುತ್ತಿಗೆ ಬೆರಳು ನಿಂತಿತು. ಒಂದು ಕಡೆ ಚರ್ಮವನ್ನು ಒಳಗಿನಿಂದ ಬ್ಲೇಡಿನಲ್ಲಿ ನಯವಾಗಿ ಹೆರೆದು ತೆಳು ಮಾಡಿದ್ದರು. ಎಣ್ಣೆಯ ಪಸೆ ಇರುವವರೆಗೆ ಗಾಳಿ ಹಿಡಿಯುತ್ತದೆ, ಒಣಗಿದ ಮೇಲೆ ಬಿಡುತ್ತದೆ. ಹದಿನೈದು ದಿನದ ಲೆಕ್ಕ. ಅಷ್ಟು ನಾಜೂಕಾಗಿ ಕೆಡಿಸುವುದಕ್ಕೆ, ನೂರಾರು ವಾಷರ್ ಕತ್ತರಿಸಿದ ನನ್ನ ಕೈಗೂ ಬರುವುದಿಲ್ಲ. ಅವರ ಕೈಗೆ ಏನೂ ಆಗಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಕೇಳುವವರು ಈಗ ಯಾರೂ ಇಲ್ಲ.

ಹೊಸ ವಾಷರ್ ಹಾಕಲಿಲ್ಲ. ಅದನ್ನೇ ಮತ್ತೆ ಕೂರಿಸಿ ಸ್ಟೌ ಹಚ್ಚಿ ಟೀ ಕಾಯಿಸಿದೆ. ಚೆನ್ನಾಗಿ ಉರಿಯಿತು. ಇನ್ನು ಹದಿನೈದು ದಿನಕ್ಕೆ ಕೆಡುತ್ತದೆ... ತೆಗೆದುಕೊಂಡು ಹೋಗಲು ಆ ಅಂಗಡಿಯಿಲ್ಲ, ಅಲ್ಲಿ ಕಾಯುತ್ತಾ ಕೂತ ಅವ್ವನೂ ಇಲ್ಲ.